ಸತ್ಯಾಂಶ: ವಯಾಗ್ರ ನುಂಗಿದರೆ ಹೃದಯಾಘಾತ ಖಚಿತವೇ?

"ಐವತ್ತು ದಾಟಿದವರು ವಯಾಗ್ರ ನುಂಗಿದರೆ ಹೃದಯಾಘಾತ ಗ್ಯಾರಂಟಿ" ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಹಾಗೇನಿಲ್ಲ. ಅದರಲ್ಲಿರುವ ಸಿಲ್ಡೆನಾಫಿಲ್ ಅನ್ನು ಮೊದಲು ಪರೀಕ್ಷಿಸಿದ್ದೇ ಹೃದಯ ಸಂಬಂಧಿ ಎದೆನೋವಿಗೆ! ನಿಮಿರು ದೌರ್ಬಲ್ಯಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1998ರಲ್ಲಿ.

ಚಿಂತಿಸಬೇಕಾದ್ದು ಮಾತ್ರೆಗಿಂತ ನಿಮಿರು ದೌರ್ಬಲ್ಯದ ಬಗ್ಗೆ. ಶಿಶ್ನದ ರಕ್ತನಾಳಗಳ ಅಗಲ ಸುಮಾರು 1–2 ಮಿಲಿಮೀಟರ್, ಹೃದಯದವು 3–4. ಒಳಗೋಡೆಗೆ ಕೊಬ್ಬು ಕಟ್ಟತೊಡಗಿದರೆ ಸಣ್ಣ ನಾಳ ಮೊದಲು ಸೋಲುತ್ತದೆ. ಹಾಗಾಗಿ ನಿಮಿರುವಿಕೆಯ ಸಮಸ್ಯೆ ಎದೆನೋವಿಗಿಂತ ಕೆಲವು ವರ್ಷ ಮೊದಲೇ ಕಾಣಿಸಿಕೊಳ್ಳಬಹುದು. ನಾಚಿಕೊಂಡು ಗುಟ್ಟಾಗಿ ಮಾತ್ರೆ ತರಿಸಿಕೊಳ್ಳುವವರು ಬಿಪಿ, ಶುಗರ್, ಕೊಲೆಸ್ಟ್ರಾಲ್ ತಪಾಸಣೆಯ ಒಳ್ಳೆಯ ಅವಕಾಶವನ್ನೇ ಕಳೆದುಕೊಳ್ಳುತ್ತಾರೆ.

ಫಾರ್ವರ್ಡ್‌ನಲ್ಲಿ ಒಂದೆಳೆ ನಿಜವೂ ಇದೆ. ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೇಟ್ ಮಾತ್ರೆ ಜೊತೆ ವಯಾಗ್ರ ಸೇರಿದರೆ ಬಿಪಿ ಅಪಾಯಕಾರಿಯಾಗಿ ಕುಸಿಯುತ್ತದೆ. ಸಿಲ್ಡೆನಾಫಿಲ್ ನುಂಗಿದ 24 ಗಂಟೆ, ಇದೇ ಬಗೆಯ ಇನ್ನೊಂದು ಔಷಧ ಟಡಾಲಾಫಿಲ್ ಆದರೆ 48 ಗಂಟೆ ನೈಟ್ರೇಟ್ ಕೊಡುವಂತಿಲ್ಲ. ಇತ್ತೀಚೆಗೆ ಹೃದಯಾಘಾತ ಆದವರೂ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಎದೆನೋವೆಂದು ಆಸ್ಪತ್ರೆಗೆ ಓಡಿದಾಗ ಮಾತ್ರೆ ನುಂಗಿದ್ದನ್ನು ಡಾಕ್ಟರಿಗೆ ಹೇಳಲೇಬೇಕು, ಹೆಂಡತಿ ಮಕ್ಕಳು ಪಕ್ಕದಲ್ಲೇ ನಿಂತಿದ್ದರೂ.