ಮೂವತ್ತು ಬೈಟಿನ ಮಾವ

ನಮ್ಮ ಸೋದರಮಾವ ಆಫೀಸಿಗೆ ಬಂದಿದ್ದರು. ಗೇಟಿನ ಮಷಿನ್ ಅವರಿಗೊಂದು ವಿಸಿಟರ್ ಪಾಸ್ ಕೊಟ್ಟಿತು: 'ಲಕ್ಷ್ಮೀನಾರ'. ಲಕ್ಷ್ಮೀನಾರಾಯಣ ಅಂತ ಅವರೇ ಕನ್ನಡದಲ್ಲಿ ಟೈಪ್ ಮಾಡಿದ್ದು. "ಏನಯ್ಯಾ, ಉಳಿದದ್ದನ್ನು ಗೇಟಲ್ಲೇ ಇಟ್ಕೊಂಡ್ರಾ?" ಅಂದರು. ಸೆಕ್ಯುರಿಟಿಯವನು ಪೆನ್ ತೆಗೆದು ಪಕ್ಕದಲ್ಲಿ 'ಯಣ' ಅಂತ ಸೇರಿಸಿಕೊಟ್ಟ. ದೀರ್ಘ ಹೋಯಿತು, ಆದರೂ ಅವತ್ತು ಆ ಬಿಲ್ಡಿಂಗಿನಲ್ಲಿ ಸಮಸ್ಯೆ ಬಗೆಹರಿಸಿದವನು ಅವನೊಬ್ಬನೇ.

ಆ ಸಾಫ್ಟ್‌ವೇರ್ ಪಕ್ಕದ ಟೀಮಿನದ್ದು. ಹೋಗಿ ಕೇಳಿದೆ. "30 ಅಕ್ಷರ ಲಿಮಿಟ್ ಇದೆ ಸರ್, ಸಾಕಲ್ವಾ?" ಅಂದ ಹುಡುಗ. ಅಕ್ಷರ ಅಲ್ಲಪ್ಪಾ, ಬೈಟ್, ಕಂಪ್ಯೂಟರ್ ಜಾಗ ಅಳೆಯುವ ಪುಟ್ಟ ಅಳತೆ. ಲಕ್ಷ್ಮೀನಾರಾಯಣ ನಮ್ಮ ಕಣ್ಣಿಗೆ ಆರೇ ಅಕ್ಷರ. ಎಲ್ಲ ಭಾಷೆಯ ಅಕ್ಷರಗಳಿಗೂ ನಂಬರ್ ಕೊಡುವ ಯುನಿಕೋಡ್ ಲೆಕ್ಕದಲ್ಲಿ ಹಲಂತ, ಗುಣಿತ ಎಲ್ಲ ಬಿಡಿಬಿಡಿ, ಒಟ್ಟು 13. ಅವನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ 3 ಬೈಟ್, ಅಲ್ಲಿಗೆ 39. ಮೂವತ್ತಕ್ಕೆ ಕತ್ತರಿ ಬಿದ್ದರೆ ಮಾವ 'ನಾರ'ಕ್ಕೇ ನಿಲ್ಲುತ್ತಾರೆ. "ಕನ್ನಡದಲ್ಲಿ ಟೆಸ್ಟ್ ಮಾಡಿದ್ರಾ?" ಅಂದೆ. "ಮಾಡಿದ್ವಿ ಸರ್. ರವಿ ಅಂತ ಹಾಕಿದ್ವಿ."

ಕನ್ನಡ ಟೈಪ್ ಮಾಡುವ 'ನುಡಿ', 'ಬರಹ' ಸಾಫ್ಟ್‌ವೇರುಗಳ ಕಾಲದಲ್ಲಿ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದು, ಕನ್ನಡದ ಬದಲು ತಲೆ ಮೇಲೆ ಗೀರು ಎಳೆದ ಯುರೋಪಿನ ಅಕ್ಷರಗಳನ್ನು ನೋಡಿದವರು ನಾವು. ಯುನಿಕೋಡಿಗೆ ಕನ್ನಡ 1991ರಲ್ಲೇ ಬಂದಿದೆ. ಇನ್ನೂ ಇದೇ ಗೋಳು ಅಂದ್ರೆ ಸಿಟ್ಟು ಬರಲ್ವಾ?

ಇನ್ನೂ ಮಜಾ ಇದೆ. ಹೆಸರು ಕತ್ತರಿಸುವ ಕೋಡನ್ನೂ ಹುಡುಗ ಬರೆದಿರಲಿಲ್ಲ, ಅದಕ್ಕೊಂದು ಪ್ಯಾಕೇಜ್, ಅಂದ್ರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡು, ತಂದಿದ್ದ. ಅದು ತಾನು ನೆಚ್ಚಿಕೊಂಡ ಬೇರೆ ಪ್ಯಾಕೇಜುಗಳ ಬಂಧುಬಳಗವನ್ನೆಲ್ಲ ಕರೆದುಕೊಂಡು ಬಂದಿತ್ತು. ನನಗೆ ಲೆಫ್ಟ್-ಪ್ಯಾಡ್ ನೆನಪಾಯಿತು. ನೆನಪಾದರೆ ನಾನು ಸುಮ್ನೆ ಬಿಡುವವನಲ್ಲ. 2016ರ ಮಾರ್ಚ್. ಒಬ್ಬ ಪ್ರೋಗ್ರಾಮರ್‌ನ ಒಂದು ಪ್ಯಾಕೇಜಿಗೆ ಕಿಕ್ ಅಂತ ಹೆಸರಿತ್ತು. ಅದೇ ಹೆಸರಿನ ಮೆಸೇಜಿಂಗ್ ಆ್ಯಪ್‌ನವರು ತಗಾದೆ ತೆಗೆದರು. ಪ್ಯಾಕೇಜುಗಳ ಉಗ್ರಾಣ ಎನ್‌ಪಿಎಂ, ಆ ಆ್ಯಪ್ ಕಂಪನಿಯ ಕಡೆಗೇ ವಾಲಿತು. ಇವನಿಗೆ ಉರಿದುಹೋಯಿತು. ತಾನು ಬರೆದಿದ್ದ 250ಕ್ಕೂ ಹೆಚ್ಚು ಪ್ಯಾಕೇಜುಗಳನ್ನು ಕಿತ್ತು ಹಾಕಿದ. ಅದರಲ್ಲೊಂದು ಲೆಫ್ಟ್-ಪ್ಯಾಡ್. ಮಾಡುವ ಕೆಲಸ ಏನು ಗೊತ್ತಾ? ಪದದ ಎಡಕ್ಕೆ ಖಾಲಿ ಜಾಗ ತುಂಬುವುದು. ಬರೀ 11 ಸಾಲು! ಅದು ಹೋದದ್ದೇ ತಡ, ಬೇಬೆಲ್, ರಿಯಾಕ್ಟ್ ಎಂಬ ಪ್ರೋಗ್ರಾಮರ್ ಟೂಲುಗಳನ್ನು ನೆಚ್ಚಿಕೊಂಡವರ ಬಿಲ್ಡ್‌ಗಳು (ಕೋಡು ಜೋಡಿಸಿ ಸಾಫ್ಟ್‌ವೇರ್ ಕಟ್ಟುವ ಕೆಲಸಗಳು) ಜಗತ್ತಿನ ತುಂಬಾ ದಬದಬ ಬಿದ್ದವು. ಕೊನೆಗೆ ಎನ್‌ಪಿಎಂನವರೇ ಅದನ್ನು ವಾಪಸ್ ತಂದು ಕೂರಿಸಬೇಕಾಯಿತು. ಮೊದಲ ವರ್ಷದ ಮಕ್ಕಳಿಗೆ ಲ್ಯಾಬಿನಲ್ಲಿ ಕೊಡುವ ಲೆಕ್ಕ ಅದು, ಸ್ವಾಮಿ.

ಇಷ್ಟನ್ನೂ ಕೈ ಬೀಸಿ ಬೀಸಿ ಹೇಳಿದೆ. "ಆಗ ನಾನು ಹೈಸ್ಕೂಲು ಸರ್" ಅಂದ.

ಡೇಟಾಬೇಸಿನಲ್ಲಿ ಹೆಸರು ಕೂರುವ ಕಾಲಮ್ಮಿನ ಅಳತೆ ದೊಡ್ಡದು ಮಾಡಿದರೆ ಮುಗಿಯುವ ಕೆಲಸ. ನನಗೆ ಆ ಕೋಡಿಗೆ ಆ್ಯಕ್ಸೆಸ್ ಇಲ್ಲ, ಟಿಕೆಟ್, ಅಂದ್ರೆ ಸರಿಮಾಡಿ ಅಂತ ಒಂದು ಅರ್ಜಿ, ಹಾಕಿದೆ. ಟಿಕೆಟ್ ಅಂದ ಮೇಲೆ ಮೀಟಿಂಗ್. ಎಷ್ಟು ಪಾಯಿಂಟಿನ, ಅಂದ್ರೆ ಎಷ್ಟು ಕಷ್ಟದ, ಕೆಲಸ ಅಂತ ಕಾರ್ಡ್ ಎತ್ತಿ ತೋರಿಸುವ ಶಾಸ್ತ್ರ ನಡೆಯಿತು. ಒಬ್ಬಳು ಎಂಟು ಎತ್ತಿದಳು. ಇನ್ನೊಬ್ಬ ಎಐ ಕೇಳಿ ನೋಡಿದ್ದನಂತೆ, 'ದಯವಿಟ್ಟು ಇಂಗ್ಲಿಷಿನಲ್ಲಿ ಟೈಪ್ ಮಾಡಿ' ಅಂತ ಒಂದು ಸೂಚನೆ ಹಾಕಿದರೆ ಸಾಕಂತೆ. ನಾನು ನೀರು ಕುಡಿದೆ.

ಮ್ಯಾನೇಜರ್ ಕೊನೆಯಲ್ಲಿ ಬಾಯಿಬಿಟ್ಟರು. ಅಷ್ಟುದ್ದ ಕನ್ನಡದ ಹೆಸರು ಎಷ್ಟು ಜನಕ್ಕಿದೆ, ಡೇಟಾ ನೋಡೋಣ ಅಂದರು. ಹುಡುಗ ಅಲ್ಲೇ ಡೇಟಾಬೇಸ್ ತೆಗೆದು ನೋಡಿದ. "30 ಬೈಟ್ ದಾಟಿದವರು ಒಬ್ಬರೂ ಇಲ್ಲ ಸರ್." ಟಿಕೆಟ್ ಕ್ಲೋಸ್ ಆಯಿತು.