ಒಮ್ಮೆ ರಾತ್ರಿ ಹೊರಗೆ ನಿಂತು ನಿಮ್ಮ ಕಿಟಕಿ ನೋಡಿ

ಕಿಟಕಿಗೆ ಕನ್ನಡಿಯಂಥ ಫಿಲ್ಮ್ ಹಾಕಿಸಿದ ಎಷ್ಟೋ ಮನೆಗಳಲ್ಲಿ, ಇನ್ನು ಒಳಗಿನದು ಯಾರಿಗೂ ಕಾಣುವುದಿಲ್ಲ ಅಂತ ನಿಶ್ಚಿಂತೆಯಾಗಿ ಇದ್ದುಬಿಡುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೆ ಅದು ನಿಜ. ರಾತ್ರಿ ಎಂಟಕ್ಕೆ ಪೂರ್ತಿ ಸುಳ್ಳು. 'ಒನ್ ವೇ' ಅಂತ ಮಾರುವ ಫಿಲ್ಮ್‌ಗೆ ಮನೆ ಒಳಗೆ ಯಾವುದು, ಹೊರಗೆ ಯಾವುದು ಗೊತ್ತಾಗುವುದಿಲ್ಲ. ಬೆಳಕು ಹೆಚ್ಚಿರುವ ಕಡೆ ನಿಂತವರಿಗೆ ಅದು ಕನ್ನಡಿ, ಕತ್ತಲ ಕಡೆ ನಿಂತವರಿಗೆ ಬರೀ ಗಾಜು. ಸಂಜೆ ಲೈಟ್ ಹಾಕಿದ ತಕ್ಷಣ ಲೆಕ್ಕ ತಲೆಕೆಳಗಾಗುತ್ತದೆ. ನಿಮಗೆ ಕಿಟಕಿಯಲ್ಲಿ ನಿಮ್ಮದೇ ಮುಖ ಕಾಣುತ್ತದೆ, ಎದುರು ಮನೆ ಮಹಡಿಯವರಿಗೆ ನಿಮ್ಮ ಕೋಣೆ ಕಾಣುತ್ತದೆ. ತೆಳು ನೆಟ್ ಪರದೆಗೂ ಸೊಳ್ಳೆ ಮೆಶ್‌ಗೂ ಇದೇ ಮಾತು.

ಆದ್ದರಿಂದ ದುಡ್ಡು ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ರಾತ್ರಿ ಎಲ್ಲ ಲೈಟ್ ಹಾಕಿ, ಒಬ್ಬರು ಒಳಗೆ ಓಡಾಡಲಿ, ಇನ್ನೊಬ್ಬರು ಹೊರಗಿನಿಂದ ನೋಡಲಿ. ರಸ್ತೆಯಿಂದ ನೋಡಿದರೆ ಸಾಲದು, ಪಕ್ಕದ ಮನೆಯ ಮೆಟ್ಟಿಲು ಮತ್ತು ತಾರಸಿಯ ಎತ್ತರದಿಂದಲೂ ನೋಡಬೇಕು. ಫೋನ್ ಕ್ಯಾಮೆರಾ ಜೂಮ್ ಮಾಡಿಯೂ ನೋಡಿ, ಕದ್ದು ನೋಡುವವರ ಕೈಯಲ್ಲೂ ಅದೇ ಇರುವುದು.

ನೋಟ ಎಲ್ಲಿಂದ ಬರುತ್ತದೆ ಅನ್ನುವುದರ ಮೇಲೆ ಮರೆ ಎಲ್ಲಿರಬೇಕು ಅನ್ನುವುದು ನಿಂತಿದೆ. ನೆಲಮಹಡಿಯ ಕಿಟಕಿಗೆ ರಸ್ತೆಯಲ್ಲಿ ನಡೆಯುವವರ ಕಣ್ಣು ಮಾತ್ರ ಎಟುಕುವುದಾದರೆ, ಒಳಗಿನ ನೆಲದಿಂದ ಆರಡಿ ಎತ್ತರದವರೆಗೆ ಮರೆ ಮಾಡಿ ಮೇಲಿನದನ್ನು ಬಿಟ್ಟುಬಿಡಬಹುದು. ಗಾಳಿ, ಬೆಳಕು ಎರಡೂ ಸಿಗುತ್ತವೆ. ಹಳೆಯ ಮನೆಗಳ ನಾಲ್ಕು ಬಾಗಿಲಿನ ಮರದ ಕಿಟಕಿ ಇದೇ ಕೆಲಸ ಮಾಡುತ್ತಿತ್ತು: ಕೆಳಗಿನ ಎರಡು ಮುಚ್ಚಿ, ಮೇಲಿನ ಎರಡು ತೆರೆದಿಡುವುದು. ಆ ಬುದ್ಧಿವಂತಿಕೆಯನ್ನು ನಾವು ಸುಮ್ಮನೆ ಕೈಬಿಟ್ಟೆವು. ಆದರೆ 30×40 ಅಡಿಯ ಸೈಟುಗಳ ಬೀದಿಯಲ್ಲಿ ಎದುರಿನದು ನಾಲ್ಕು ಮಹಡಿಯ ಪಿಜಿ ಆಗಿದ್ದರೆ ನೋಟ ಮೇಲಿನಿಂದ ಇಳಿಯುತ್ತದೆ. ಅಲ್ಲಿ ಅರ್ಧ ಮರೆ ಪ್ರಯೋಜನವಿಲ್ಲ.

ಹಗಲೂ ರಾತ್ರಿಯೂ ಕೆಲಸಕ್ಕೆ ಬರುವುದು ಫ್ರಾಸ್ಟೆಡ್ ಫಿಲ್ಮ್, ಅಂದರೆ ಬೆಳಕು ಬಿಟ್ಟು ನೋಟ ಮಸುಕಾಗಿಸುವ ಬಿಳಿ ಹಾಳೆ. ಅದರಲ್ಲೂ ಗಾಜಿಗೆ ಅಂಟಿಕೊಂಡಂತೆ ನಿಂತರೆ ಆಕಾರ ಕಾಣುತ್ತದೆ, ಎರಡು ಮೂರಡಿ ಹಿಂದೆ ಸರಿದರೆ ಕರಗಿಹೋಗುತ್ತದೆ. ಅಂಟಿಸುವುದು ಕಷ್ಟವಲ್ಲ. ಗಾಜಿನ ಒಳಮೈಗೆ ಬಿದ್ದಿರುವ ಪೇಂಟ್ ಚುಕ್ಕೆಗಳನ್ನು ಬ್ಲೇಡಿನಿಂದ ಕೆರೆದು ತೆಗೆಯಿರಿ, ಒಂದು ಕಣ ಉಳಿದರೂ ಅಲ್ಲೊಂದು ಗುಳ್ಳೆ ಏಳುತ್ತದೆ. ಒಂದು ಲೀಟರ್ ನೀರಿಗೆ ನಾಲ್ಕೈದು ಹನಿ ಬೇಬಿ ಶಾಂಪೂ ಹಾಕಿ ಗಾಜಿಗೂ ಫಿಲ್ಮಿನ ಅಂಟು ಮೈಗೂ ಧಾರಾಳವಾಗಿ ಸ್ಪ್ರೇ ಮಾಡಿ. ನೀರು ಕಡಿಮೆಯಾದರೆ ಫಿಲ್ಮ್ ಅಲ್ಲೇ ಕಚ್ಚಿಕೊಳ್ಳುತ್ತದೆ, ಸರಿಸಲು ಆಗುವುದಿಲ್ಲ. ರಬ್ಬರ್ ವೈಪರಿನಿಂದ ನಡುವಿನಿಂದ ಅಂಚಿಗೆ ನೀರು ಹೊರಡಿಸಿ, ಸುತ್ತ ಒಂದೆರಡು ಮಿಲಿಮೀಟರ್ ಬಿಟ್ಟು ಕತ್ತರಿಸಿ. ಅಂಚು ಚೌಕಟ್ಟಿಗೆ ತಾಗಿದರೆ ಅಲ್ಲಿಂದಲೇ ಏಳತೊಡಗುತ್ತದೆ.

ನಮ್ಮ ಕಿಟಕಿಗಳದ್ದು ಬೇರೆಯೇ ತೊಡಕು. ಬಾಗಿಲು ಹೊರಗೆ ತೆರೆಯುತ್ತದೆ, ಗ್ರಿಲ್ ಒಳಗಿರುತ್ತದೆ, ಸರಳುಗಳ ನಡುವೆ ಕೈ ಹಾಕಿ ಅಂಟಿಸಿದರೆ ಸುಕ್ಕು ಬೀಳುವುದೇ. ನೆಲಮಹಡಿಯಾದರೆ ಬಾಗಿಲನ್ನು ಗೋಡೆಗೆ ತಾಗುವಷ್ಟು ತೆರೆದು ನೀವು ಹೊರಗೆ ನಿಲ್ಲಿ, ಒಳಮೈ ನಿಮ್ಮ ಮುಖಕ್ಕೇ ಬರುತ್ತದೆ. ಮೇಲಿನ ಮಹಡಿಯಲ್ಲಿ ಈ ಸಾಹಸ ಬೇಡ, ಕೆಲಸ ಗೊತ್ತಿರುವವರನ್ನೇ ಕರೆಸಿ. ಬಿಸಿಲು ಬೀಳುವ ಕಿಟಕಿಗೆ ಕಡುಬಣ್ಣದ ಫಿಲ್ಮ್ ಹಾಕಬೇಡಿ. ಅದು ಶಾಖ ಹೀರುತ್ತದೆ, ಸಜ್ಜಾದ ನೆರಳು ಬಿದ್ದ ಭಾಗ ತಣ್ಣಗಿರುತ್ತದೆ, ಆ ವ್ಯತ್ಯಾಸಕ್ಕೇ ಗಾಜು ಸೀಳಬಹುದು.

ಬಚ್ಚಲುಮನೆಗೆ ಮರಳು ಹೊಡೆದು ಮಾಡಿದ ಫ್ರಾಸ್ಟೆಡ್ ಗಾಜು ಹಾಕಿಸುವವರು ಇದನ್ನು ತಿಳಿದಿರಬೇಕು. ಒರಟು ಮೈ ಒದ್ದೆಯಾದರೆ ಗಾಜು ಮುಕ್ಕಾಲುಪಾಲು ಪಾರದರ್ಶಕವಾಗುತ್ತದೆ, ಅಂದರೆ ಸರಿಯಾಗಿ ಸ್ನಾನದ ಹೊತ್ತಿಗೆ. ಒರಟು ಮೈ ಹೊರಗಿದ್ದರೆ ಒಂದು ತುಂಡು ಸೆಲೋಟೇಪ್ ಅಂಟಿಸಿದವರಿಗೂ ಒಳಗಿನದು ಕಾಣಬಹುದು. ಅಚ್ಚೊತ್ತಿದ ಡಿಸೈನ್ ಗಾಜು ಅಥವಾ ನಡುವೆ ಹಾಲುಬಿಳಿ ಪದರವಿರುವ ಲ್ಯಾಮಿನೇಟೆಡ್ ಗಾಜು ಇಲ್ಲಿ ವಾಸಿ. ವೆಂಟಿಲೇಟರಿನ ಪಟ್ಟಿ ಗಾಜುಗಳು ಹೊರಕ್ಕೆ ಇಳಿಜಾರಾಗಿರಬೇಕು. ಆಗ ಕೆಳಗಿನಿಂದ ನೋಡಿದವರಿಗೆ ಸೂರು ಮಾತ್ರ ಕಾಣುತ್ತದೆ. ಆ ಪಟ್ಟಿಗಳನ್ನು ಕ್ಲಿಪ್ಪಿನಿಂದ ಸುಲಭವಾಗಿ ಜಾರಿಸಿ ತೆಗೆಯಬಹುದು, ಹಾಗಾಗಿ ಹಿಂದೆ ಗ್ರಿಲ್ ಇರಲೇಬೇಕು.

ಪರದೆ ಕೊಳ್ಳುವಾಗ ಬಟ್ಟೆಯ ಹಿಂದೆ ಫೋನಿನ ಟಾರ್ಚ್ ಹಿಡಿದು, ನಡುವೆ ಕೈಯಾಡಿಸಿ. ಬೆರಳಿನ ಆಕಾರ ಕಂಡರೆ ರಾತ್ರಿ ನಿಮ್ಮ ಆಕಾರವೂ ಕಾಣುತ್ತದೆ, ಲೈನಿಂಗ್ ಹಾಕಿಸಿ. ರಾಡ್ ಚೌಕಟ್ಟಿಗಿಂತ ಎರಡೂ ಕಡೆ ಆರಾರು ಇಂಚು ಹೆಚ್ಚಿರಲಿ, ಬಟ್ಟೆಯ ಅಗಲ ಕಿಟಕಿಯ ಎರಡರಷ್ಟಿರಲಿ. ಇಣುಕುವವರಿಗೆ ಪಕ್ಕದ ಎರಡು ಬೆರಳಿನ ಸಂದಿ ಸಾಕು. ಬಟ್ಟೆ ಬದಲಿಸುವ ಕೋಣೆಯ ಲೈಟ್ ಕಿಟಕಿ ಇರುವ ಗೋಡೆಯ ಮೇಲೇ ಇದ್ದರೆ ನೆರಳು ಎದುರು ಗೋಡೆಗೆ ಬೀಳುತ್ತದೆ. ಲೈಟ್ ಎದುರು ಗೋಡೆಯಲ್ಲಿದ್ದರೆ ನೆರಳು ಪರದೆಯ ಮೇಲೆ. ಮನೆ ಕಟ್ಟುವಾಗ ಈ ಒಂದು ಪಾಯಿಂಟ್ ಬದಲಿಸಲು ಹೆಚ್ಚು ಖರ್ಚೇನೂ ಇಲ್ಲ, ಆದರೂ ಯಾರೂ ಯೋಚಿಸುವುದಿಲ್ಲ.

ಇನ್ನು ಭದ್ರತೆ. ಪರದೆ ಕಣ್ಣು ತಡೆಯುತ್ತದೆ, ಕೈ ತಡೆಯುವುದಿಲ್ಲ. ಗ್ರಿಲ್‌ಗೆ 12 ಮಿಲಿಮೀಟರಿನ ಸರಳು, ನಡುವೆ ನಾಲ್ಕಿಂಚಿಗಿಂತ ಕಡಿಮೆ ಅಂತರ ಇರಲಿ. ಹೊರಗಿನಿಂದ ಸ್ಕ್ರೂ ಹಾಕಿ ಕೂರಿಸಿದ ಗ್ರಿಲ್ ಒಂದು ಸ್ಕ್ರೂಡ್ರೈವರಿಗೆ ಬಿಚ್ಚಿಕೊಳ್ಳುತ್ತದೆ, ತಲೆಗಳನ್ನು ವೆಲ್ಡ್ ಮಾಡಿಸಿ. ಸೆಕೆಗಾಲದಲ್ಲಿ ಕಿಟಕಿ ತೆರೆದು ಮಲಗಿದಾಗ ಸರಳುಗಳ ನಡುವೆ ಕೋಲು ತೂರಿಸಿ ಫೋನು, ಬೀಗದ ಕೈ ಎಳೆದುಕೊಳ್ಳುತ್ತಾರೆ. ಕಿಟಕಿ ಪಕ್ಕದ ಬಾಗಿಲಿನ ಚಿಲಕಕ್ಕೆ ಕೈ ಎಟುಕುತ್ತದೆಯೇ ಅಂತ ನೀವೇ ಹೊರಗಿನಿಂದ ಕೈ ಹಾಕಿ ನೋಡಿ. ಸ್ಲೈಡಿಂಗ್ ಕಿಟಕಿಯನ್ನು ಅರ್ಧ ತೆರೆದು ಎರಡೂ ಕೈಯಿಂದ ಮೇಲಕ್ಕೆತ್ತಿ. ಟ್ರ್ಯಾಕಿನಿಂದ ಹೊರಬಂದರೆ ಅದರ ಲಾಕ್ ನಂಬುವ ಹಾಗಿಲ್ಲ. ಮೇಲಿನ ಟ್ರ್ಯಾಕಿಗೆ ಎತ್ತದಂತೆ ತಡೆಯುವ ಬ್ಲಾಕ್ ಹಾಕಿಸಿ, ರಾತ್ರಿ ಕೆಳಗಿನ ಟ್ರ್ಯಾಕಿನಲ್ಲಿ ಅಳತೆಗೆ ಕತ್ತರಿಸಿದ ಮರದ ಕೋಲಿಡಿ.

ಇಷ್ಟೆಲ್ಲ ಮಾಡಿದ ಮೇಲೂ ಯಾರಾದರೂ ಇಣುಕಿದರೆ ತಪ್ಪು ಕಿಟಕಿಯದಲ್ಲ, ಒಳಗಿರುವ ಹೆಣ್ಣುಮಗಳದ್ದಂತೂ ಅಲ್ಲವೇ ಅಲ್ಲ. 'ನೀನೇ ಕಿಟಕಿ ಹಾಕಿಕೊಳ್ಳಬೇಕಿತ್ತು' ಅನ್ನುವ ಮಾತು ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಖಾಸಗಿ ಸ್ಥಿತಿಯಲ್ಲಿರುವ ಮಹಿಳೆಯನ್ನು ಕದ್ದು ನೋಡುವುದು, ಚಿತ್ರ ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಪ್ರಕಾರ ಅಪರಾಧ, ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಜೈಲು ಮತ್ತು ದಂಡ. 112ಕ್ಕೆ ಫೋನ್ ಮಾಡಲು ಹಿಂಜರಿಯಬೇಡಿ.

ಕಡೆಯದಾಗಿ, ಮಲಗುವ ಕೋಣೆಗಳ ಒಂದೊಂದು ಗ್ರಿಲ್ ಆದರೂ ಒಳಗಿನಿಂದ ತೆರೆಯುವಂತಿರಬೇಕು. ಬೆಂಕಿ ಬಿದ್ದು ಮುಂಬಾಗಿಲು ಹೊಗೆಯಲ್ಲಿ ಮುಚ್ಚಿಹೋದರೆ ಅದೇ ದಾರಿ. ಅದರ ಕೀಲಿಯನ್ನು ಹೊರಗಿನ ಕೈಗೆ ಸಿಗದ, ಆದರೆ ಕತ್ತಲಲ್ಲೂ ತಡಕಿದರೆ ಸಿಗುವ ಒಂದೇ ಮೊಳೆಗೆ ನೇತುಹಾಕಿ, ಮನೆಯ ಮಕ್ಕಳಿಗೂ ಆ ಮೊಳೆ ತೋರಿಸಿಡಿ.