'ರೋಮಾ'ದಲ್ಲಿ ಸಂಗೀತ ಇಲ್ಲ ಅನ್ನೋರಿಗೆ
ಮೆಕ್ಸಿಕೊದ ನಿರ್ದೇಶಕ ಅಲ್ಫೊನ್ಸೊ ಕ್ವಾರೋನ್ ಅವರ 2018ರ ಸಿನಿಮಾ 'ರೋಮಾ'ದಲ್ಲಿ ಸಂಗೀತವೇ ಇಲ್ಲ, ಅದನ್ನು ಹಳೇ ಕಪ್ಪು-ಬಿಳುಪು ರೀಲಿನಲ್ಲೇ ತೆಗೆದಿದ್ದಾರೆ ಅಂತ ಒಂದು ಮಾತು ಹರಿದಾಡುತ್ತಿದೆ. ಎರಡೂ ತಪ್ಪು. ಕ್ಯಾಮೆರಾ ಡಿಜಿಟಲ್, ಚಿತ್ರಿಸಿದ್ದು ಬಣ್ಣದಲ್ಲಿ, ಆಮೇಲೆ ಕಪ್ಪು-ಬಿಳುಪು ಮಾಡಿದ್ದು.

ಇನ್ನು ಸಂಗೀತ. ಸಿನಿಮಾಕ್ಕೆಂದೇ ಬರೆದ ಹಿನ್ನೆಲೆ ಸಂಗೀತ ಇಲ್ಲ, ಅಷ್ಟೇ. ರೇಡಿಯೊದಲ್ಲಿ ಮೆಕ್ಸಿಕೊದ ಗಾಯಕ ಹುವಾನ್ ಗೇಬ್ರಿಯಲ್ ಹಾಡುತ್ತಾರೆ, ಬೀದಿಯಲ್ಲಿ ಬ್ಯಾಂಡ್ ಹೋಗುತ್ತದೆ, ಚಾಕು ಸಾಣೆ ಹಿಡಿಯುವವನ ಪೀಪಿ ಕೇಳುತ್ತದೆ, ಹೀಗೆ 1970ರ ಆಸುಪಾಸಿನ ಮೆಕ್ಸಿಕೊ ಸಿಟಿ ಮೊದಲು ಕಿವಿಗೇ ಸಿಗುತ್ತದೆ ಅಲ್ವಾ? ಪಿಟೀಲು ಬಂದು ನಮಗೆ ಅಳು ಬರಿಸುವ ಕೆಲಸ ಇಲ್ಲಿಲ್ಲ, ನನಗೆ ಅದೇ ಜಾಸ್ತಿ ಇಷ್ಟ.

ಸಿನಿಮಾದ ಶುರುವಿನಲ್ಲಿ ನೆಲ ತೊಳೆದ ನೀರಿನಲ್ಲಿ ವಿಮಾನದ ಬಿಂಬ ಕಾಣುತ್ತದಲ್ಲ, ಅದಕ್ಕೆ ಒಂದೇ ಅರ್ಥ ಅಂತ ಹಟ ಹಿಡಿಯಬೇಡಿ. ಮನೆಗೆಲಸದ ಕ್ಲಿಯೊಗೆ ಎಟುಕದ ದೂರ ಅಂತ ನಾನು ಓದಿಕೊಂಡೆ, ನಿಮಗೆ ಬೇರೆ ಕಾಣಬಹುದು.